ಅಂಕಿಗೊಂದು ಮುಖ

ಮಾವ ಸತ್ತ ಎಂದು ವೇದಿಕೆಯ ಮೇಲೆ ಹೇಳಿ ಮುಗಿಸಿದ ಮೇಲೆ ಡೆಲ್ಫಿನಾಳ ಕಣ್ಣಿಗೆ ಮೊದಲು ಬಿದ್ದದ್ದು ಮಾವನ ಬೂಟುಗಳು. ಸಭಾಂಗಣದ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಎಲ್ಲಿ ಕೂತರೂ ಕೂರುವ ಹಾಗೆ ಕಾಲು ಉದ್ದಕ್ಕೆ ಚಾಚಿಕೊಂಡು ಅಮಾರೊ ಮಾವ ಕೂತಿದ್ದ. ನಡುದಾರಿಗೆ ಬಂದಿದ್ದ ಆ ಬೂಟುಗಳನ್ನು ಅವನು ಬೆಳಿಗ್ಗೆ ಅಡುಗೆಮನೆಯ ಸಿಂಕಿನಲ್ಲಿಟ್ಟು ಉಜ್ಜಿದ್ದ, ಮೀನಿನ ವಾಸನೆ ಹೋಗಲಿ ಎಂದು ನಿಂಬೆಹಣ್ಣು ತಿಕ್ಕಿದ್ದ, ಅಜ್ಜಿ ಬೈದಿದ್ದಳು. ಈಗ ಅವು ಅಲ್ಲಾಡದೆ ಇದ್ದವು. ಸತ್ತವನ ಬೂಟುಗಳು ಎಂದು ಡೆಲ್ಫಿನಾಳಿಗೆ ಅನಿಸಿತು. ಮೂವರು ತೀರ್ಪುಗಾರರಲ್ಲಿ ನಡುವೆ ಕೂತಿದ್ದ ಬಿಳಿಗೂದಲಿನ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಳು. ಎರಡನೆಯ ಸಾಲಿನಲ್ಲಿ ಹ್ಯಾಸ್ಕೆಲ್ ಸರ್ ಮುಷ್ಟಿ ಬಿಗಿಹಿಡಿದು ತೊಡೆಯ ಮೇಲೆ ಮೆಲ್ಲಗೆ ಗುದ್ದಿಕೊಂಡರು, ಅವರ ತಂಡ ಗೋಲು ಹೊಡೆದಾಗ ಮಾಡುವ ಹಾಗೆ. ಆಮೇಲೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಗಟ್ಟಿಯಾದ ಚಪ್ಪಾಳೆ ಬಾಗಿಲ ಪಕ್ಕದಿಂದ ಬಂತು. ದಿನವಿಡೀ ಚಾಕು ಹಿಡಿದು ಮೀನು ಸೀಳುವ ಅಗಲವಾದ ಅಂಗೈಗಳ ಸದ್ದು ಅದು. ಬೇರೆ ಯಾರದ್ದೂ ಆಗಲು ಸಾಧ್ಯವಿರಲಿಲ್ಲ.

ಅವನಿಗೆ ಅರ್ಥವಾಗಿಲ್ಲ, ಎಂದುಕೊಂಡಳು. ಅರ್ಥವಾಗಿದ್ದರೆ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಅವನ ಇಂಗ್ಲಿಷ್ ಎಂದರೆ ಯೆಸ್ ಬಾಸ್, ನೋ ಬಾಸ್, ಟುಮಾರೊ ಬಾಸ್. ಅಮೆರಿಕಕ್ಕೆ ಬಂದು ಎರಡು ವರ್ಷವಾದರೂ ಅಂಗಡಿಯಲ್ಲಿ ಬೆರಳು ತೋರಿಸಿಯೇ ಬ್ರೆಡ್ಡು ಕೊಳ್ಳುತ್ತಾನೆ. ಇದನ್ನು ಹೇಳಿ ಹೇಳಿ ಮನೆಯಲ್ಲಿ ನಕ್ಕದ್ದಿದೆ, ಅವನೂ ನಕ್ಕದ್ದಿದೆ. ಅರ್ಥವಾಗಿಲ್ಲ. ಆದರೆ ಸತ್ತ ಎಂಬ ಒಂದು ಮಾತು ಯಾವ ಭಾಷೆಯಲ್ಲಿದ್ದರೂ ಯಾರಿಗೆ ಅರ್ಥವಾಗುವುದಿಲ್ಲ? ಅವಳು ವೇದಿಕೆಯಿಂದ ಇಳಿಯುವಾಗ ಪಕ್ಕದಲ್ಲಿ ಬರುತ್ತಿದ್ದ ಕೋಲ್ಟನ್ ಅವಳ ತೋಳು ಹಿಚುಕಿ, "ಲೇ, ಸಾಯಿಸಿಬಿಟ್ಟೆ ಕಣೇ!" ಎಂದು ಪಿಸುಗುಟ್ಟಿದ. ಸೊಗಸಾಗಿ ಮಾತಾಡಿದೆ ಎಂಬ ಅರ್ಥದಲ್ಲಿ ಅವನು ಅಂದದ್ದು. ಅವಳು ತೋಳು ಬಿಡಿಸಿಕೊಂಡಳು.

ಅವಳು ಹೇಳಬೇಕೆಂದು ಬಂದವಳಲ್ಲ. ಇದನ್ನು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು, ಹೇಳಿಕೊಂಡಷ್ಟೂ ಅದು ಹಗುರಾಗಲಿಲ್ಲ. ಯೂರೋ ಬಳಸುವ ಯಾವುದಾದರೂ ಒಂದು ದೇಶವನ್ನು ತಂಡ ಆರಿಸಿಕೊಳ್ಳಬೇಕು, ಆ ದೇಶಕ್ಕೆ ಬಂದ ಕಷ್ಟವನ್ನು ಬಿಡಿಸಿ ಹೇಳಬೇಕು, ಅದಕ್ಕೆ ಮದ್ದು ಸೂಚಿಸಬೇಕು, ಕೊನೆಗೆ ತೀರ್ಪುಗಾರರು ಯಾರತ್ತ ನೋಡಿ ಪ್ರಶ್ನೆ ಕೇಳುತ್ತಾರೋ ಅವರೇ ಉತ್ತರ ಕೊಡಬೇಕು. ಇಷ್ಟೇ ಸ್ಪರ್ಧೆ. ನ್ಯೂ ಬೆಡ್‌ಫರ್ಡಿನಂಥ ಊರಿನ ಶಾಲೆ ಪೋರ್ಚುಗಲ್ಲನ್ನಲ್ಲದೆ ಇನ್ನೇನನ್ನು ಆರಿಸೀತು? ಬೀದಿಗೊಂದು ಪೋರ್ಚುಗೀಸ್ ಬೇಕರಿ, ಚರ್ಚಿನಲ್ಲಿ ಪೋರ್ಚುಗೀಸ್ ಹಾಡು, ಬಂದರಿನ ತುಂಬ ಪೋರ್ಚುಗೀಸ್ ಬೈಗುಳ. "ನಮ್ಮ ಹತ್ರ ಡೆಲ್ಫಿನಾ ಮೆಡೈರೋಸ್ ಇದಾಳೆ. ಹಾರ್ಟ್‌ವೆಲ್ ಶಾಲೆಯವರ ಹತ್ರ ದುಡ್ಡಿದೆ ಅಷ್ಟೆ," ಎಂದು ಹ್ಯಾಸ್ಕೆಲ್ ಸರ್ ಮೊದಲ ದಿನವೇ ಹೇಳಿದಾಗ ಅವಳಿಗೆ ಹೆಮ್ಮೆಯಾಗಿತ್ತು, ಜೊತೆಗೆ ತನ್ನನ್ನು ಯಾರೋ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟ ಹಾಗೂ ಆಗಿತ್ತು. ಸರ್ ಒಳ್ಳೆಯವರು. ಅಂಗಿಯ ಮೇಲೆ ಯಾವಾಗಲೂ ಕಾಫಿ ಕಲೆ. ಸಂಜೆ ಶಾಲೆ ಬಿಟ್ಟ ಮೇಲೂ ಕೂತು ಹೇಳಿಕೊಡುತ್ತಿದ್ದರು. ಸ್ವಂತ ನಾಣ್ಯ ಇರುವ ದೇಶ ಕಷ್ಟ ಬಂದಾಗ ನಾಣ್ಯದ ಬೆಲೆ ಇಳಿಸುತ್ತೆ, ನಾಣ್ಯ ಹಂಚಿಕೊಂಡಿರೋ ದೇಶ ಮನುಷ್ಯರ ಬೆಲೆ ಇಳಿಸಬೇಕಾಗುತ್ತೆ, ಕೂಲಿ, ಪಿಂಚಣಿ, ಕೆಲಸ, ಎಲ್ಲ, ಇದಕ್ಕೆ ಪುಸ್ತಕದಲ್ಲಿ ಹೊಂದಾಣಿಕೆ ಅಂತಾರೆ, ಎಂದು ಹೇಳಿ ಬೋರ್ಡಿನ ಮೇಲೆ ಇಳಿಯುವ ಗೆರೆಯೊಂದನ್ನು ಎಳೆಯುತ್ತಿದ್ದರು. ಎಳೆದು, ಮಕ್ಕಳ ಕಡೆ ತಿರುಗಿ, "ಈ ಗೆರೆ ನೋಡಿ ಯಾರಾದ್ರೂ ಅತ್ರಾ? ಇಲ್ಲ. ಅಂಕಿಗೊಂದು ಮುಖ ಕೊಡ್ರಪ್ಪಾ. ಮುಖ ಇಲ್ದಿರೋ ಅಂಕಿ ಗೆಲ್ಲಲ್ಲ," ಎನ್ನುತ್ತಿದ್ದರು.

ಹಾಗಾಗಿ ಆ ಚಳಿಗಾಲವೆಲ್ಲ ಅವರು ಮುಖ ಹುಡುಕಿದ್ದೇ ಹುಡುಕಿದ್ದು. ಗುರುವಾರ ಗುರುವಾರ ಪ್ರತಿಯೊಬ್ಬರೂ ತಮಗೆ ಸಿಕ್ಕ ಮುಖವನ್ನು ತಂದು ಹೇಳಬೇಕು, ಸರ್ ಕೇಳಿ ನಡೆಯುತ್ತೆ, ನಡೆಯಲ್ಲ ಎನ್ನಬೇಕು. ನಾಯೆಲಿ ಎಂಬ ಹುಡುಗಿ, ಡೆಲ್ಫಿನಾಳ ಪಕ್ಕದ ಬೀದಿಯವಳು, ಬೇಕರಿಯ ಮುದುಕಿಯೊಬ್ಬಳ ತಂಗಿಯ ಪಿಂಚಣಿ ಕಡಿದ ಕಥೆ ತಂದಳು. ಕೋಲ್ಟನ್‌ಗೆ ಯಾರೂ ಗೊತ್ತಿಲ್ಲ, ಅವನು ಎಲ್ಲಿಂದಲೋ ಒಬ್ಬ ಗಡ್ಡದವನ ಚಿತ್ರ ಇಳಿಸಿಕೊಂಡು ಬಂದು ಇವನೇ ನಿರುದ್ಯೋಗಿ ಎಂದ, ಎಲ್ಲರೂ ನಕ್ಕರು. ಡೆಲ್ಫಿನಾ ಕೊನೆಗೆ, ಮನಸ್ಸಿಲ್ಲದ ಮನಸ್ಸಿನಿಂದ, ತನ್ನ ಸೋದರಮಾವನನ್ನು ತಂದಳು. ಪೋರ್ಚುಗಲ್ಲಿನ ಸೆತೂಬಲ್‌ನ ಬಂದರಿನಲ್ಲಿ ಅವನಿಗೊಂದು ಸಣ್ಣ ಹೋಟೆಲಿತ್ತು, ತೆರಿಗೆ ಏರಿತು, ಗಿರಾಕಿಗಳು ನಿಂತರು, ಹೋಟೆಲು ಮುಚ್ಚಿತು, ಈಗ ನಮ್ಮ ಮನೆಯಲ್ಲಿದ್ದಾನೆ. ಸರ್ ತಲೆ ಕೆರೆದುಕೊಂಡರು. "ಬದುಕಿದಾರೆ. ಕೆಲಸಾನೂ ಸಿಕ್ಕಿದೆ. ಅಂದ್ರೆ ಎಲ್ಲಾ ಸರಿಹೋಯ್ತು ಅಂತಾಯ್ತಲ್ಲಮ್ಮಾ? ಸ್ವಲ್ಪ ತೆಳು." ತೆಳು! ಮನೆಗೆ ಹೋದಾಗ ಆ ತೆಳುವಾದವನು ಮುಂದಿನ ಕೋಣೆಯ ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ, ಒಂದು ಕಾಲು ಕೆಳಗೆ ಬಿದ್ದಿತ್ತು, ಕೋಣೆಯೆಲ್ಲ ಮೀನು ನಾರುತ್ತಿತ್ತು. ಸಾಲದು, ನಿನ್ನ ಕಷ್ಟ ಸಾಲದು ಮಾವ, ಎಂದು ಅವಳು ಅವನ ಮೇಲೆ ಸಿಟ್ಟಾಗಿದ್ದಳು. ಇದು ನಿಜ. ನಿಜವಾಗಿಯೂ ಸಿಟ್ಟಾಗಿದ್ದಳು.

ಇವತ್ತು ಬಾಸ್ಟನ್ನಿನ ಈ ಬ್ಯಾಂಕಿನ ಗಾಜಿನ ಕಟ್ಟಡದಲ್ಲಿ ಅವರಿಗಿಂತ ಮುಂಚೆ ಹಾರ್ಟ್‌ವೆಲ್ಲಿನವರು ಮಾತಾಡಿದ್ದರು. ಒಂದೇ ಬಣ್ಣದ ಕೋಟು, ಒಂದೇ ಥರ ಬಾಚಿದ ಕೂದಲು. ರಜೆಯಲ್ಲಿ ಅಥೆನ್ಸಿಗೇ ಹೋಗಿ ಬಂದಿದ್ದಾರೆ. ಪರದೆಯ ಮೇಲೆ ಅಲ್ಲಿಯ ಔಷಧಿ ಅಂಗಡಿಯವಳೊಬ್ಬಳು ಅತ್ತಳು. ನಿಜವಾದ ಕಣ್ಣೀರು. ಡೆಲ್ಫಿನಾ ತನ್ನ ಅಂಗಿಯ ಬಗಲು ಒದ್ದೆಯಾಗುವುದನ್ನು ಅನುಭವಿಸುತ್ತ ನೋಡುತ್ತಿದ್ದಳು. ಆಮೇಲೆ ಇವರ ಸರದಿ. ಕೋಲ್ಟನ್ ಒಂದು ಕಡೆ ಶೇಕಡಾ ಮರೆತ, ನಾಯೆಲಿ ತಿದ್ದಿದಳು. ಪರದೆಯ ಮೇಲಿನ ಚಿತ್ರ ಒಂದು ಸಲ ತಾನಾಗಿ ಹಿಂದಿನದಕ್ಕೆ ಹೋಯಿತು. ಸೋತೆವು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆಗ ಬಿಳಿಗೂದಲಿನ ತೀರ್ಪುಗಾರ್ತಿ, ಓಸ್ಟ್ರಾಂಡರ್ ಎಂಬ ಹೆಸರಿನ ಹೆಂಗಸು, ಡೆಲ್ಫಿನಾಳ ಎದೆಯ ಮೇಲಿನ ಹೆಸರುಚೀಟಿ ಓದಿ ಮೆದುವಾಗಿ ಕೇಳಿದಳು: "ಮೆಡೈರೋಸ್. ನಿಮ್ಮದು ಪೋರ್ಚುಗೀಸ್ ಮನೆ ಅಲ್ವೇನಮ್ಮ? ಹೊಂದಾಣಿಕೆ ಅಂತ ಇಷ್ಟೊತ್ತು ಹೇಳಿದ್ರಿ. ಅದು ನಿಮ್ಮ ಮನೇಲಿ ಹೇಗೆ ಕಾಣಿಸ್ತು?" ಡೆಲ್ಫಿನಾ ಬಾಯಿ ತೆರೆದಳು. ನಮ್ಮ ಮಾವನಿಗೊಂದು ಹೋಟೆಲಿತ್ತು ಎಂದಳು. ಅಲ್ಲಿಯವರೆಗೆ ನಿಜ. ಮುಚ್ಚಬೇಕಾಯಿತು ಎಂದಳು. ಅದೂ ನಿಜ. ಆಮೇಲೆ ಮುಂದಿನ ಮಾತಿಗೆ ಬಂದಾಗ, ಹೆಜ್ಜೆ ಇಡಲು ಅಲ್ಲಿ ಏನೂ ಇರಲಿಲ್ಲ, ತೆಳು ಎಂಬ ಶಬ್ದ ಮಾತ್ರ ಇತ್ತು, ಓಸ್ಟ್ರಾಂಡರಮ್ಮ ಕಾಯುತ್ತಿದ್ದಳು, ಮತ್ತು ಡೆಲ್ಫಿನಾ ತನ್ನ ದನಿ ತಾನೇ ಕೇಳಿದಳು: "ಒಂದಿನ ಬೆಳಿಗ್ಗೆ ಅವನು ಸಮುದ್ರಕ್ಕೆ ನಡ್ಕೊಂಡು ಹೋದ. ಸತ್ತುಹೋದ. ಆ ವರ್ಷದ ನಿರುದ್ಯೋಗಿಗಳ ಲೆಕ್ಕದಲ್ಲಿ ಅವನು ಇಲ್ಲ." ಕೊನೆಯ ವಾಕ್ಯ ಎಷ್ಟು ಚೆನ್ನಾಗಿತ್ತೆಂದರೆ ಹೇಳುವಾಗಲೇ ಅವಳಿಗೆ ಖುಷಿಯಾಯಿತು. ಅದನ್ನು ಮಾತ್ರ ಅವಳು ಯಾವತ್ತೂ ಯಾರಿಗೂ ಹೇಳಲಾರಳು. ದುಃಖ ನಟಿಸಿದೆ ಎಂದು ಹೇಳಬಹುದು, ಹೆದರಿ ಅಂದೆ ಎಂದು ಹೇಳಬಹುದು. ಖುಷಿಯಾಯಿತು ಎಂದು ಹೇಗೆ ಹೇಳುವುದು?

ಫಲಿತಾಂಶಕ್ಕೆ ಕಾಯುತ್ತ ಎಲ್ಲರೂ ಹೊರಗಿನ ಹಜಾರದಲ್ಲಿ ಬಿಸ್ಕತ್ತು, ಕಿತ್ತಳೆ ರಸ ಹಿಡಿದು ನಿಂತಿದ್ದರು. ಡೆಲ್ಫಿನಾ ಕಿಟಕಿಯ ಗಾಜಿಗೆ ಬೆನ್ನು ಕೊಟ್ಟು, ಮಾವ ಎಲ್ಲಿದ್ದಾನೆ ಎಂದು ಹುಡುಕುವ ಕಣ್ಣನ್ನು ತಾನೇ ಎಳೆದು ಎಳೆದು ಕಟ್ಟಿಹಾಕುತ್ತಿದ್ದಳು. ಅವನು ಬರುವುದೇ ಬೇಡವಾಗಿತ್ತು. ಶಾಲೆಯ ವ್ಯಾನನ್ನು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೊಟ್ಟಿದ್ದರಿಂದ, ಮಾವ ತಾನೇ ಮುಂದೆ ಬಂದು, ತನ್ನ ಮೀನಿನ ಶೆಡ್ಡಿನ ಯಜಮಾನನ ಕಾಲುಹಿಡಿದು ಅವನ ವ್ಯಾನು ಕೇಳಿ ತಂದಿದ್ದ. ಒಳಗೆ ಹಳೆಯ ಕಂಬಳಿ ಹಾಸಿದ್ದ. ಬರುವ ದಾರಿಯಲ್ಲಿ ಕೋಲ್ಟನ್ ಮೂಗು ಹಿಡಿದು, "ನಾವು ಗೆಲ್ದಿದ್ರೂ ಬಾಸ್ಟನ್ನಿನ ಬೆಕ್ಕುಗಳೆಲ್ಲ ನಮ್ಮ ಹಿಂದೆ ಬರ್ತವೆ," ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಡೆಲ್ಫಿನಾ. ಕನ್ನಡಿಯಲ್ಲಿ ಮಾವನ ಕಣ್ಣು ಒಮ್ಮೆ ಹಿಂದಕ್ಕೆ ನೋಡಿತು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅದೂ ನಕ್ಕಿತು. ಕಟ್ಟಡದ ಬಾಗಿಲಲ್ಲಿ ಅವಳು, "ಮಾವ, ನಿಂಗೆ ಮೇಲೆ ಬೋರಾಗುತ್ತೆ, ಒಂದಕ್ಷರ ಅರ್ಥ ಆಗಲ್ಲ, ವ್ಯಾನಲ್ಲೇ ಇರು," ಎಂದಿದ್ದಳು. ಅವನು ಹೂಂ ಎಂದಿದ್ದ. ಹೂಂ ಎಂದು, ಎಲ್ಲರೂ ಹೋದ ಮೇಲೆ, ಕೋಟಿನ ಗುಂಡಿ ಹಾಕಿಕೊಂಡು ಮೇಲೆ ಬಂದಿದ್ದ.

ಓಸ್ಟ್ರಾಂಡರಮ್ಮ ಗುಂಪು ಬಿಡಿಸಿಕೊಂಡು ನೇರ ಅವಳ ಹತ್ತಿರ ಬಂದಳು. ತೀರ್ಪುಗಾರರು ಮಕ್ಕಳ ಜೊತೆ ಮಾತಾಡಬಾರದು ಎಂಬ ನಿಯಮವಿತ್ತೋ ಏನೋ, ಸುತ್ತ ನೋಡಿ ದನಿ ತಗ್ಗಿಸಿದಳು. ಡೆಲ್ಫಿನಾಳ ಎರಡೂ ಕೈ ಹಿಡಿದಳು. ಮುದುಕಿಯ ಬೆರಳುಗಳು ಒಣಗಿ ಬೆಚ್ಚಗಿದ್ದವು.

"ನಮ್ಮ ತೀರ್ಮಾನ ಬರೆದು ಕೊಟ್ಟಾಯ್ತು, ಅದಕ್ಕೇ ಬಂದೆ. ನನ್ನ ತಮ್ಮನೂ ಹಾಗೇ ಹೋದ ಕಣಮ್ಮ. ನಲವತ್ತು ವರ್ಷ ಆಯ್ತು. ನಾನು ಯಾರ ಹತ್ರಾನೂ ಹೇಳಿಲ್ಲ. ನೀನು ಇಷ್ಟು ಚಿಕ್ಕೋಳು, ಅಷ್ಟು ಜನರೆದುರು ಹೇಳಿದೆಯಲ್ಲ."

ಡೆಲ್ಫಿನಾಳಿಗೆ ಕೈ ಬಿಡಿಸಿಕೊಳ್ಳಬೇಕು ಅನಿಸಿತು, ಬಿಡಿಸಿಕೊಳ್ಳಲಾಗಲಿಲ್ಲ. ಈಗ ಹೇಳಬಹುದು. ಅಮ್ಮಾ, ಸುಳ್ಳು, ಎನ್ನಬಹುದು. ಎರಡು ಶಬ್ದ. ಅಷ್ಟರಲ್ಲಿ ಬೂಟಿನ ಸದ್ದಾಯಿತು. ಮಾವ ಅವಳ ಕೋಟು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಬರುತ್ತಿದ್ದ. ಒಳಗೆ ಕುರ್ಚಿಯ ಮೇಲೆ ಅವಳು ಬಿಟ್ಟುಬಂದಿದ್ದಳು. ಬಂದು, ಮುದುಕಿಯನ್ನು ನೋಡಿ ತಲೆ ಬಾಗಿಸಿ ನಿಂತ. ಅವನ ಮುಖಕ್ಕೂ ಡೆಲ್ಫಿನಾಳ ಮುಖಕ್ಕೂ ಒಂದೇ ಮೂಗು, ಗಿಣಿಮೂಗು, ಮನೆಯವರಿಗೆಲ್ಲ ಇರುವ ಮೂಗು. ಮುದುಕಿ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು.

"ಇವರು?"

ಡೆಲ್ಫಿನಾ ನೆಲ ನೋಡುತ್ತಿದ್ದಳು. ಆಗ ಅಮಾರೊ, ಅಂಗಡಿಯಲ್ಲಿ ಬೆರಳು ತೋರಿಸಿ ಬ್ರೆಡ್ಡು ಕೊಳ್ಳುವ ಅಮಾರೊ, ಒಂದೊಂದೇ ಇಂಗ್ಲಿಷ್ ಶಬ್ದವನ್ನು ಮೀನಿನ ಮುಳ್ಳು ತೆಗೆದಿಟ್ಟಂತೆ ಜೋಡಿಸಿ ಹೇಳಿದ: "ಡ್ರೈವರ್, ಮೇಡಂ. ನಾನು ವ್ಯಾನ್ ಡ್ರೈವರ್. ಮಕ್ಕಳು ತುಂಬಾ ಒಳ್ಳೆಯವರು." ಹೇಳಿ, ಕೋಟನ್ನು ಡೆಲ್ಫಿನಾಳ ಕೈಗೆ ಕೊಡದೆ, ಕಿಟಕಿಯ ಕಟ್ಟೆಯ ಮೇಲೆ ಜೋಪಾನವಾಗಿಟ್ಟು, ಡ್ರೈವರು ಹೋಗಬೇಕಾದ ಹಾಗೆ ಹೊರಟುಹೋದ.

ಗೆದ್ದವರು ಇವರೇ. ಹಾರ್ಟ್‌ವೆಲ್ಲಿನ ಹುಡುಗಿಯೊಬ್ಬಳು ಅಳುತ್ತಿದ್ದಳು. ನ್ಯೂಯಾರ್ಕಿನ ಕೊನೆಯ ಸುತ್ತಿಗೆ ಹೋಗುವ ತಂಡ ಎಂದು ಇವರ ಶಾಲೆಯ ಹೆಸರು ಕೂಗಿದಾಗ ಕೋಲ್ಟನ್ ಹಾರಿ ಕುರ್ಚಿಯನ್ನೇ ಬೀಳಿಸಿದ. ಹ್ಯಾಸ್ಕೆಲ್ ಸರ್ ಕಣ್ಣೊರೆಸಿಕೊಳ್ಳುತ್ತ ಡೆಲ್ಫಿನಾಳ ಭುಜ ಹಿಡಿದರು. "ಯಾಕಮ್ಮಾ ನಂಗೆ ಮೊದಲೇ ಹೇಳ್ಲಿಲ್ಲ? ಅಲ್ಲ, ನಂಗೊತ್ತಾಯ್ತು ಬಿಡು. ಬದುಕಿರೋ ಮಾವನ ಕಥೆ ಹೇಳಿ ಸತ್ತಿರೋರನ್ನ ಮುಚ್ಚಿಟ್ಟಿದ್ದೆ. ನೋವಿನ ಜಾಗ ಹಾಗೇ ಇರುತ್ತೆ. ನಾನು ಕತ್ತೆ, ತೆಳು ಅಂದುಬಿಟ್ಟೆ." ಅವರು ತಮ್ಮದೇ ಉತ್ತರವನ್ನು ಕಟ್ಟಿಕೊಂಡು ಅದನ್ನು ನಂಬಿಯೂ ಆಗಿತ್ತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಸುಳ್ಳು ತಾನೇ ಕಾಲೂರಿ ನಿಲ್ಲುತ್ತಿತ್ತು. "ನ್ಯೂಯಾರ್ಕಲ್ಲಿ ಅದರಿಂದಲೇ ಶುರು ಮಾಡೋಣ. ಅವರ ಒಂದು ಫೋಟೋ ಬೇಕು. ಮನೇಲಿರುತ್ತಲ್ಲ? ನಾಳೇನೇ ಪರದೆಗೆ ಹಾಕೋ ಚಿತ್ರ ಮುಗಿಸಿ ಕಳಿಸ್ಬೇಕು, ಇವತ್ತೇ ಕಳಿಸಮ್ಮ." ಅವಳು ತಲೆಯಾಡಿಸಿದಳು. ತಲೆಯಾಡಿಸುವುದು ಎಷ್ಟು ಸುಲಭ!

ವಾಪಸು ದಾರಿಯಲ್ಲಿ ವ್ಯಾನು ಹಾಡು, ಕೂಗಿನಿಂದ ತುಂಬಿತ್ತು. ಸರ್ ಮುಂದೆ ಮಾವನ ಪಕ್ಕದಲ್ಲಿ ಕೂತು, ಅವನಿಗೆ ಅರ್ಥವಾಗಲಿ ಬಿಡಲಿ, ಯೂರೋ ವಿಚಾರ ಹೇಳುತ್ತಲೇ ಇದ್ದರು. ಮಾವ "ಯೆಸ್ ಬಾಸ್" ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ನಾಯೆಲಿ ಡೆಲ್ಫಿನಾಳ ಕಿವಿಯ ಹತ್ತಿರ ಬಾಗಿದಳು.

"ಎಷ್ಟು ಜನ ಮಾವಂದಿರು ನಿಂಗೆ?"

"ಇಬ್ರು."

"ಓ." ನಾಯೆಲಿ ಸ್ವಲ್ಪ ಹೊತ್ತು ಹೊರಗೆ ನೋಡಿದಳು. "ನಿಮ್ಮಜ್ಜಿ ನಮ್ಮಮ್ಮಂಗೆ ಹೇಳ್ತಿದ್ರು, ನಂಗೆ ಇರೋನು ಒಬ್ಬನೇ ಮಗ ಅಂತ."

"ಸತ್ತೋದ್ನಲ್ಲ, ಅದಕ್ಕೆ ಒಬ್ನೇ ಅಂದಿರ್ತಾಳೆ."

ನಾಯೆಲಿ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ತನ್ನ ತೊಡೆಯನ್ನು ಡೆಲ್ಫಿನಾಳ ತೊಡೆಯಿಂದ ಒಂದಿಷ್ಟು ದೂರಕ್ಕೆ ಸರಿಸಿಕೊಂಡಳು, ವ್ಯಾನು ತಿರುವಿನಲ್ಲಿ ವಾಲಿದಾಗಲೂ ಮತ್ತೆ ತಾಗದ ಹಾಗೆ ಬಿಗಿಯಾಗಿ ಕೂತಳು. ಗೊತ್ತಾಗಿದೆ. ಗೊತ್ತಾಗಿಯೂ ನ್ಯೂಯಾರ್ಕು ಅವಳಿಗೂ ಬೇಕು. ಗ್ವಾಟೆಮಾಲದಿಂದ ಬಂದ ಅವಳ ಅಪ್ಪನೂ ಅದೇ ಮೀನಿನ ಶೆಡ್ಡಿನಲ್ಲಿ, ಅಮಾರೊ ನಿಲ್ಲುವ ಮೇಜಿನ ಎದುರಿಗೇ ನಿಲ್ಲುವವನು.

ಒಬ್ಬೊಬ್ಬರನ್ನೇ ಇಳಿಸಿ, ಸರ್ ಅವರನ್ನೂ ಇಳಿಸಿದ ಮೇಲೆ, ವ್ಯಾನಿನಲ್ಲಿ ಇಬ್ಬರೇ ಉಳಿದರು. ಮಾವ ಮನೆಯ ಕಡೆ ತಿರುಗಿಸದೆ ಬಂದರಿನ ಗೋಡೆಯ ಹತ್ತಿರ ತಂದು ನಿಲ್ಲಿಸಿದ. ಸಂಜೆಯ ಬೆಳಕಿನಲ್ಲಿ ದೋಣಿಗಳ ಚಿಪ್ಪುಮೀನು ಬಾಚುವ ಕಬ್ಬಿಣದ ಬಲೆಗಳು ತುಕ್ಕುಬಣ್ಣ ತಳೆದು ನೇತಾಡುತ್ತಿದ್ದವು. ಅವನು ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತ. ಈಗ ಬೈಯುತ್ತಾನೆ, ಬೈಯಲಿ, ಎಂದು ಅವಳು ಕಾದಳು. ಮನೆಯಲ್ಲಿ ಅಮ್ಮ ಬೈಯುವುದು, ಅಜ್ಜಿ ಬೈಯುವುದು ಅವಳಿಗೆ ಅಭ್ಯಾಸ. ಬೈಸಿಕೊಂಡ ಮೇಲೆ ಬಾಕಿ ತೀರಿದ ಹಾಗೆ ಹೊಟ್ಟೆ ಹಸಿಯುತ್ತದೆ.

"ಹೆಂಗೆ ಸತ್ತೆ ನಾನು?" ಎಂದ ಅಮಾರೊ, ಪೋರ್ಚುಗೀಸಿನಲ್ಲಿ. "ಸತ್ತೆ ಅನ್ನೋದು ತಿಳೀತು. ಹೆಂಗೆ ಅನ್ನೋದು ತಿಳೀಲಿಲ್ಲ. ನೀನು ಬೇಗ ಬೇಗ ಹೇಳ್ದೆ."

"ಮಾವ..."

"ಹೇಳೇ. ನಂಗೆ ಗೊತ್ತಿರ್ಬೇಕಲ್ಲ. ಆ ಮುದುಕಿ ಮತ್ತೇನಾದ್ರೂ ಕೇಳಿದ್ರೆ?"

"ಸಮುದ್ರಕ್ಕೆ ನಡ್ಕೊಂಡು ಹೋದೆ ಅಂದೆ."

ಅವನು ತಿರುಗಿ ನೋಡಿದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಸಮುದ್ರಕ್ಕಾ? ನಂಗೆ ಈಜು ಬರುತ್ತಲ್ಲೇ ಹುಚ್ಚಿ!"

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅವನು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಎದುರಿನ ನೀರನ್ನು ನೋಡುತ್ತ ಹೇಳಿದ: "ಹೋಟ್ಲು ಮುಚ್ಚಿದ ದಿನ ಏನ್ ಮಾಡ್ದೆ ಗೊತ್ತಾ? ಡಬ್ಬಿಯಲ್ಲಿದ್ದ ಎಣ್ಣೆ ಎಲ್ಲಾ ಬಾಣಲೆಗೆ ಸುರಿದೆ. ಉಳಿದಿದ್ದ ಕಪ್ಪೆಬೊಂಡಾಸ ಮೀನೆಲ್ಲಾ ಹುರಿದೆ. ಬೀದಿಯವರನ್ನ ಕರೆದೆ. ಆಚೆಮನೆ ಆಗೊಸ್ಟಿನ್ಯೊ, ಹತ್ತು ವರ್ಷ ನನ್ ಜೊತೆ ಮಾತು ಬಿಟ್ಟಿದ್ದ, ಅವನೂ ಬಂದು ತಿಂದ. ತಿಂದು ಉಪ್ಪು ಜಾಸ್ತಿ ಅಂದ, ನನ್ಮಗ. ಕುಡಿದು ಕುಣಿದ್ವಿ. ಕೊನೆಗೆ ಶಟರ್ ಬಾಗಿಲು ಕೆಳಗೆಳೆಯೋಕೆ ಹೋದ್ರೆ ಬಾಗಿಲು ಬರಲ್ಲ. ತುಕ್ಕು. ಹನ್ನೆರಡು ವರ್ಷ ಮುಚ್ಚೇ ಇರ್ಲಿಲ್ಲ ಅದನ್ನ, ಹಗಲೂ ರಾತ್ರಿ ತೆಗೆದೇ ಇರ್ತಿತ್ತು. ನಾಲ್ಕು ಜನ ನೇತಾಡಿ ಎಳೆದ್ವಿ." ಆಮೇಲೆ, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯಬೇಕೆಂಬವನ ಹಾಗೆ ಕೇಳಿದ: "ಅದು ಸಾಲ್ತಿರ್ಲಿಲ್ವಾ?"

ಎರಡು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಆ ಬಾಗಿಲಿನ ವಿಚಾರ ಕೇಳಿರಲಿಲ್ಲ. ಮುಖ ಹುಡುಕುವ ಚಳಿಗಾಲದಲ್ಲಿ ಕೂಡ ಅವಳು ಕೇಳಿದ್ದು ಯಾವ ವರ್ಷ, ತೆರಿಗೆ ಎಷ್ಟು, ಮೇಜು ಎಷ್ಟು. ಅವನು ಸೋಫಾದ ಮೇಲೆ ಕೂತು ಶಾಲೆಯ ಹುಡುಗನ ಹಾಗೆ ಉತ್ತರ ಕೊಟ್ಟಿದ್ದ. "ನಾಳೆ ಸರ್‌ಗೆ ಹೇಳ್ತೀನಿ," ಎಂದಳು.

"ಹೇಳ್ಬೇಡ. ಆ ನಾಯೆಲಿ ಅಪ್ಪ ಇವತ್ತು ಬೆಳಿಗ್ಗೆಯಿಂದ ಶೆಡ್ಡಲ್ಲೆಲ್ಲ ಹೇಳ್ಕೊಂಡು ತಿರುಗ್ತಿರ್ತಾನೆ, ನಮ್ ಮಗಳು ಬಾಸ್ಟನ್‌ಗೆ ಹೋಗವಳೆ ಅಂತ. ನೀವು ಗೆದ್ರಿ. ನಾನು ಸತ್ರೆ ಯಾರಿಗೇನು ನಷ್ಟ?" ಎಂಜಿನ್ ಹಚ್ಚಿದ. "ಒಂದು ಮಾತ್ರ. ನ್ಯೂಯಾರ್ಕಲ್ಲಿ ಹೇಳುವಾಗ ಕಾಲು ಜಾರಿತು ಅನ್ನು. ನಾನೇ ಹೋದೆ ಅನ್ಬೇಡ. ನಿಮ್ಮಜ್ಜಿ ಕಿವಿಗೆ ಬಿದ್ರೆ ತಡ್ಕೊಳ್ಳಲ್ಲ ಅವಳು."

ಇದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಒಳ್ಳೆಯದಿತ್ತು. ತನ್ನ ಸಾವನ್ನು ಸ್ವಲ್ಪ ತಿದ್ದಿಕೊಡು ಎಂದು ಮನುಷ್ಯನೊಬ್ಬ ಕೇಳಿಕೊಳ್ಳುತ್ತಿದ್ದಾನೆ, ಕೇಳಿಕೊಳ್ಳುತ್ತಿರುವುದು ಹೈಸ್ಕೂಲು ಹುಡುಗಿಯ ಹತ್ತಿರ. ಅವಳಿಗೆ ತನ್ನ ಎದೆಯ ಮೇಲೆ ಇನ್ನೂ ಅಂಟಿಕೊಂಡಿದ್ದ ಹೆಸರುಚೀಟಿ ಕಂಡಿತು. ಕಿತ್ತಳು. ಅಂಗಿಯ ಮೇಲೆ ಅಂಟು ಉಳಿಯಿತು, ಮನೆ ತಲುಪುವವರೆಗೂ ಉಗುರಿನಿಂದ ಕೆರೆಯುತ್ತಲೇ ಇದ್ದಳು.

ಮನೆಯಲ್ಲಿ ಅಮ್ಮ ಇರಲಿಲ್ಲ, ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಅಜ್ಜಿ ಸೊಪ್ಪಿನ ಸೂಪು ಕಾಯಿಸಿಟ್ಟು ಬಾಗಿಲಲ್ಲೇ ನಿಂತಿದ್ದಳು. ಗೆಲುವಿನ ಸುದ್ದಿ ಅವಳಿಗೆ ಬೇಕರಿಯಿಂದಲೇ ತಲುಪಿತ್ತು. ಡೆಲ್ಫಿನಾಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಮಗನ ಬೆನ್ನಿಗೆ ಒಂದು ಗುದ್ದಿ, ಇಬ್ಬರನ್ನೂ ಮೇಜಿಗೆ ದೂಡಿದಳು.

"ಏನೇ ಹೇಳ್ದೆ ಅಲ್ಲಿ, ಆ ದೊಡ್ಡ ಜನಗಳೆಲ್ಲ ನಿಂಗೇ ಕೊಟ್ರು?"

ಡೆಲ್ಫಿನಾ ಚಮಚ ಹಿಡಿದು ಕೂತಳು. ಅಮಾರೊ ಬ್ರೆಡ್ಡು ಮುರಿಯುತ್ತ, "ನನ್ ಹೋಟೆಲ್ ವಿಷ್ಯ ಹೇಳಿದ್ಲಮ್ಮಾ," ಎಂದ. "ಎಲ್ಲಾ ಹೇಳಿದ್ಲು. ಚೆನ್ನಾಗಿ ಹೇಳಿದ್ಲು. ಚಪ್ಪಾಳೆ ಹೊಡೆದ್ರು."

"ನಿಂದಾ!" ಅಜ್ಜಿ ನಕ್ಕು ಕಣ್ಣೊರೆಸಿಕೊಂಡಳು. "ಅಮೆರಿಕದ ಬ್ಯಾಂಕಿನವರು ನನ್ ಮಗನ ಹೋಟ್ಲಿಗೆ ಚಪ್ಪಾಳೆ ಹೊಡೆದ್ರಾ! ನಿಮ್ಮಪ್ಪ ಇದ್ದಿದ್ರೆ! ಅವತ್ತು ಹೋಟ್ಲು ಬೇಡ ಕಣೋ ಅಂದಿದ್ರು, ಮುದುಕ."

ಮೇಜಿನ ಮೇಲೆ ಮೊಬೈಲು ನಡುಗಿತು. ಹ್ಯಾಸ್ಕೆಲ್ ಸರ್. ಫೋಟೋ ಸಿಕ್ಕಿತಾ, ಒಳ್ಳೆಯದಿರಲಿ, ಮುಖ ಸ್ಪಷ್ಟವಾಗಿರಲಿ, ಎಂದು ಬರೆದಿದ್ದರು. ಡೆಲ್ಫಿನಾ ಅದನ್ನು ಮಗುಚಿ ಇಡುವ ಮೊದಲೇ ಅಜ್ಜಿ ಕೇಳಿದಳು: "ಏನಂತೆ?"

"ಮಾವನ ಫೋಟೋ ಬೇಕಂತೆ." ಹೇಳಿದ ಮೇಲೆ ತಾನು ಅದನ್ನೂ ಮುಚ್ಚಿಡಬಹುದಿತ್ತು ಎಂದು ಹೊಳೆಯಿತು. ಆದರೆ ಮುಚ್ಚಿಡುವ ಶಕ್ತಿ ಮುಗಿದುಹೋಗಿತ್ತು.

ಅಜ್ಜಿಗೆ ಸಂಭ್ರಮವೋ ಸಂಭ್ರಮ. "ಈ ಅವತಾರದಲ್ಲಾ?" ಎಂದು ಎದ್ದಳು. ಒಳಗೆ ಹೋಗಿ ಬಾಚಣಿಗೆ ತಂದಳು, ನೀರು ಚಿಮುಕಿಸಿ ಐವತ್ತು ದಾಟಿದ ಮಗನ ಹಿಂದೆ ನಿಂತು ತಲೆ ಬಾಚತೊಡಗಿದಳು. "ಬಾಯಿ ಒರೆಸ್ಕೊ. ಕಾಲರ್ ಎತ್ಕೊ. ನೆಟ್ಟಗೆ ಕೂತ್ಕೊ, ಗೂನು ಮಾಡ್ಬೇಡ." ಅಮಾರೊ ಹೇಳಿದ ಹಾಗೆಲ್ಲ ಮಾಡಿದ. ಬಾಯಿ ಒರೆಸಿಕೊಂಡ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಎರಡೂ ಕೈ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು, ಗದ್ದ ಸ್ವಲ್ಪ ಎತ್ತಿ, ಡೆಲ್ಫಿನಾಳನ್ನು ನೋಡಿದ. ಅವಳು ಮೊಬೈಲು ಎತ್ತಿ ಹಿಡಿದಳು. ಆ ಸಣ್ಣ ಚೌಕದೊಳಗೆ ಅವನ ಮುಖ ಬಂದು ನಿಂತಿತು: ಗಿಣಿಮೂಗು, ಕಣ್ಣಿನ ಸುತ್ತ ಉಪ್ಪುನೀರು ಕೊರೆದ ಗೆರೆಗಳು, ಕೆನ್ನೆಯ ಮೇಲೊಂದು ಮೀನಿನ ಹುರುಪೆ ಒಣಗಿ ಹೊಳೆಯುತ್ತಿತ್ತು. ಮುಖ ಸ್ಪಷ್ಟವಾಗಿತ್ತು.

"ನಗಬಾರ್ದು ಅಲ್ವಾ?" ಎಂದು ಅಮಾರೊ ಮೆಲ್ಲಗೆ ಕೇಳಿದ. ಅವಳೊಬ್ಬಳಿಗೆ ಅರ್ಥವಾಗುವ ಹಾಗೆ.

"ಯಾಕೋ ನಗಬಾರ್ದು?" ಎಂದಳು ಅಜ್ಜಿ.

ಡೆಲ್ಫಿನಾಳ ಕೈ ಕೆಳಗಿಳಿಯಿತು. ಪೋರ್ಚುಗೀಸಿನಲ್ಲಿ ಅವಳಿಗೆ ಗೊತ್ತಿದ್ದದ್ದು ಅಡುಗೆಮನೆಯ ಮಾತು ಮಾತ್ರ, ಉಪ್ಪು ಕೊಡು, ಬಾಗಿಲು ಹಾಕು, ಹಸಿವಾಗುತ್ತೆ. ದೊಡ್ಡವರು ಸುತ್ತಿ ಬಳಸಿ ಹೇಳುವ ಮೆತ್ತನೆಯ ಮಾತುಗಳು ಅವಳಲ್ಲಿರಲಿಲ್ಲ. "ಅಜ್ಜೀ, ಮಾವ ಸತ್ತ ಅಂತ ಹೇಳ್ದೆ ನಾನು ಅಲ್ಲಿ. ಅದಕ್ಕೇ ಗೆದ್ದಿದ್ದು. ಸತ್ತವನ ಫೋಟೋ ಕೇಳ್ತಿದಾರೆ."

ಬಾಚಣಿಗೆ ನೆತ್ತಿಯ ಮೇಲೆ ನಿಂತಿತು. ಅಮಾರೊ ಕಣ್ಣು ಮುಚ್ಚಿಕೊಂಡ. ಅಜ್ಜಿ ಬೈಯಲಿಲ್ಲ, ಕೂಗಲಿಲ್ಲ, ಶಿಲುಬೆ ಗುರುತು ಕೂಡ ಮಾಡಿಕೊಳ್ಳಲಿಲ್ಲ; ಬಾಚಣಿಗೆ ಇಲ್ಲದ ಕೈಯನ್ನು ಮಗನ ಹಣೆಯ ಮೇಲಿಟ್ಟು, ಜ್ವರ ಇದೆಯೋ ಎಂದು ನೋಡುವವಳ ಹಾಗೆ ಸ್ವಲ್ಪ ಹೊತ್ತು ಒತ್ತಿಹಿಡಿದಳು. ಆಮೇಲೆ ಮತ್ತೆ ಬಾಚತೊಡಗಿದಳು, ಮೊದಲಿಗಿಂತ ಮೆಲ್ಲಗೆ. ಡೆಲ್ಫಿನಾಳ ಕಡೆ ತಿರುಗಿಯೂ ನೋಡಲಿಲ್ಲ. ನಾಯೆಲಿಯ ಅಪ್ಪ ಶೆಡ್ಡಿನಲ್ಲಿ ಏನೇನು ಹೇಳಿಕೊಂಡಿರುತ್ತಾನೆ ಎಂಬುದು ಡೆಲ್ಫಿನಾಳಿಗೆ ನೆನಪಾಯಿತು. ನೆನಪಾಗಿಯೂ ಬೆರಳು ಸರ್ ಅವರ ಹೆಸರನ್ನು ಒತ್ತಿತು.

"ಹಾಂ, ಸಿಕ್ತೇನಮ್ಮಾ?" ಎಂದಿತು ಆ ಕಡೆಯ ದನಿ, ಸಂತೋಷದ ದನಿ.

"ಸರ್," ಎಂದಳು ಡೆಲ್ಫಿನಾ, "ಅವನು ಇಲ್ಲೇ ಕೂತಿದಾನೆ. ನಂಗಿರೋದು ಒಬ್ಬನೇ ಮಾವ. ಅಜ್ಜಿ ಅವನ ತಲೆ ಬಾಚ್ತಿದಾಳೆ."